ಸಾಫ್ಟ್‌ವೇರ್ ಬಾಡಿಗೆಗೆ ಹಿಡಿಯುವ ಮುಂಚೆ: ದಾವಣಗೆರೆಯ ಅಂಗಡಿಯವರಿಗೆ ಒಂದು ಮಾರ್ಗದರ್ಶಿ

ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ ಕೂತಿದ್ದೆ. ಮಾಲೀಕರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರ ಕರೆ ಬಂತು. ಸ್ಪೀಕರ್ ಆನ್ ಇತ್ತು. "ತಿಂಗಳಿಗೆ ಬರೀ ಎಂಟುನೂರು ರೂಪಾಯಿ ಸರ್. ಎಲ್ಲಾ ಆನ್‌ಲೈನ್. ಕಂಪ್ಯೂಟರ್ ಕೆಟ್ಟರೂ ನಿಮ್ಮ ಲೆಕ್ಕ ಸೇಫ್." ಮಾಲೀಕರು ಫೋನ್ ಇಟ್ಟು ನನ್ನ ಕಡೆ ನೋಡಿದರು.

"ಏನ್ ಮಾಡಾಣ ಹೇಳ್ರೀ?"

"ನಾಳೆ ಬೇಡ ಅನಿಸಿದ್ರೆ ಲೆಕ್ಕ ತಗೊಂಡು ಹೊರಗೆ ಹೆಂಗ್ ಬರೋದು ಅಂತ ಕೇಳಿದ್ರಾ ಅಣ್ಣಾ?"

ಕೇಳಿರಲಿಲ್ಲ. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಎಷ್ಟು ದುಡ್ಡು, ಮೊಬೈಲಲ್ಲಿ ಕಾಣುತ್ತಾ, ಇಷ್ಟೇ ಪ್ರಶ್ನೆ. ನಾನು ಕಂಪ್ಯೂಟರ್ ಎಂಜಿನಿಯರ್ ಅಲ್ಲ. ನಾಲ್ಕೈದು ಅಂಗಡಿಗಳ ಲೆಕ್ಕ ನೋಡುವವನು. ಆ ಅಂಗಡಿಗಳಲ್ಲಿ ಕಂಡದ್ದು, ಒಂದು ಸಲ ಕೈ ಸುಟ್ಟುಕೊಂಡು ಕಲಿತದ್ದು, ಎರಡನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲೆಲ್ಲ ಸಾಫ್ಟ್‌ವೇರ್ ಅಂದರೆ ಸಿ.ಡಿ. ತಂದು ಕಂಪ್ಯೂಟರಿಗೆ ಹಾಕಿಸುವುದು. ದುಡ್ಡು ಕೊಟ್ಟರೆ ಮುಗಿಯಿತು. ಈಗ ಪ್ರೋಗ್ರಾಂ ಇರುವುದು ಕಂಪನಿಯ ಸರ್ವರಿನಲ್ಲಿ. ನಾವು ಇಂಟರ್ನೆಟ್ ಮೂಲಕ ಒಳಗೆ ಹೋಗಿ ಬಳಸುತ್ತೇವೆ, ತಿಂಗಳಿಗೋ ವರ್ಷಕ್ಕೋ ಚಂದಾ ಕಟ್ಟುತ್ತೇವೆ. ಅಮೆರಿಕದ ಸೇಲ್ಸ್‌ಫೋರ್ಸ್ ಕಂಪನಿ 1999ರಲ್ಲಿ ಶುರುವಾದದ್ದೇ ಈ ದಾರಿಯಲ್ಲಿ. ಪಕ್ಕದ ಚೆನ್ನೈನ ಜೋಹೋ ಕೂಡ ಇದೇ ವ್ಯಾಪಾರ ಮಾಡುತ್ತದೆ. ಬೆಂಗಳೂರಿನ ಟ್ಯಾಲಿ ಲೈಸೆನ್ಸನ್ನು ಪೂರ್ತಿ ಮಾರುವುದೂ ಉಂಟು, ಬಾಡಿಗೆಗೆ ಕೊಡುವುದೂ ಉಂಟು.

ಸ್ವಂತ ಮಳಿಗೆಗೂ ಬಾಡಿಗೆ ಮಳಿಗೆಗೂ ಇರುವ ವ್ಯತ್ಯಾಸ ನಿಮಗೆ ಹೇಳಿಕೊಡಬೇಕಿಲ್ಲ. ಬಾಡಿಗೆ ಮಳಿಗೆಯ ಸೂರು ಸೋರಿದರೆ ಓನರ್ ರಿಪೇರಿ ಮಾಡಿಸುತ್ತಾರೆ. ವ್ಯಾಪಾರ ಕುದುರದಿದ್ದರೆ ಬಿಟ್ಟು ಹೋಗಬಹುದು. ಆದರೆ ಬಾಡಿಗೆ ನಿಂತರೆ ಬೀಗ ಬೀಳುತ್ತದೆ, ಸರಕು ಒಳಗೇ ಉಳಿಯುತ್ತದೆ. ಇಲ್ಲಿ ಸರಕು ಅಂದರೆ ನಿಮ್ಮ ಲೆಕ್ಕ, ನಿಮ್ಮ ಉದ್ರಿ ಪಟ್ಟಿ, ನಿಮ್ಮ ಗಿರಾಕಿಗಳ ಹೆಸರು. ಮಳಿಗೆ ಬಿಟ್ಟರೆ ಅಡ್ವಾನ್ಸಾದರೂ ವಾಪಸ್ ಬರುತ್ತದೆ. ಇಲ್ಲಿ ಅದೂ ಇಲ್ಲ.

1. ಒಂದು ವಾರ ಹಾಳೆಯಲ್ಲಿ ಬರೆಯಿರಿ

ಡೆಮೊ ನೋಡುವ ಮುಂಚೆ ಇದನ್ನು ಮಾಡಿ. ದಿನಕ್ಕೆ ಎಷ್ಟು ಬಿಲ್ ಆಗುತ್ತದೆ, ಅದರಲ್ಲಿ ಉದ್ರಿ ಎಷ್ಟು, ಎಷ್ಟು ಜನ ಕಂಪ್ಯೂಟರಿನ ಮುಂದೆ ಕೂರುತ್ತಾರೆ, ಗೋದಾಮು ಎಷ್ಟು, ಇ-ವೇ ಬಿಲ್ (ಮಾಲು ಸಾಗಿಸುವಾಗ ಆನ್‌ಲೈನಿನಲ್ಲಿ ತೆಗೆಯುವ ಚೀಟಿ) ವಾರಕ್ಕೆ ಎಷ್ಟು ಸಲ ಬೇಕು. ಬಿಲ್ಲಿನಲ್ಲಿ ಕನ್ನಡ ಬರಬೇಕಾ ಅನ್ನುವುದನ್ನೂ ಬರೆಯಿರಿ. ಹಳ್ಳಿಯ ಗಿರಾಕಿಗಳು ಜಾಸ್ತಿ ಇರುವ ಅಂಗಡಿಗೆ ಇದು ಸಣ್ಣ ವಿಷಯವಲ್ಲ. ಡೆಮೊದಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಸಣ್ಣ ಥರ್ಮಲ್ ಪ್ರಿಂಟರಿನಲ್ಲಿ ಒತ್ತಕ್ಷರ ಒಡೆದು ಬರುತ್ತದಾ ಅಂತ ಪ್ರಿಂಟ್ ತೆಗೆದೇ ನೋಡಬೇಕು.

ಈ ಹಾಳೆ ಇಲ್ಲದೆ ಡೆಮೊಗೆ ಕೂತರೆ ಅವರು ತೋರಿಸಿದ್ದೆಲ್ಲ ನಮಗೆ ಬೇಕು ಅನಿಸುತ್ತದೆ. ಬೆಣ್ಣೆದೋಸೆ ಹೋಟೆಲಿಗೆ ಹಸಿದ ಹೊಟ್ಟೆಯಲ್ಲಿ ಹೋದ ಹಾಗೆ.

2. ಐದು ವರ್ಷದ ಲೆಕ್ಕ ಹಾಕಿ, ಒಂದು ತಿಂಗಳದ್ದಲ್ಲ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇವು ಯಾವ ಕಂಪನಿಯ ದರವೂ ಅಲ್ಲ, ಲೆಕ್ಕಕ್ಕಾಗಿ ಹಿಡಿದ ಅಂಕಿ. ಒಂದೇ ಸಲ ಕೊಳ್ಳುವ ಸಾಫ್ಟ್‌ವೇರಿಗೆ 24,000 ರೂ., ಎರಡನೇ ವರ್ಷದಿಂದ ಅಪ್‌ಡೇಟಿಗೆ ವರ್ಷಕ್ಕೆ 5,000 ರೂ. ಚಂದಾದ್ದಕ್ಕೆ ತಿಂಗಳಿಗೆ 800 ರೂ., ಅಂದರೆ ವರ್ಷಕ್ಕೆ 9,600.

ಮೊದಲ ವರ್ಷ ಚಂದಾದ್ದು ತುಂಬಾ ಅಗ್ಗ. ಮೂರು ವರ್ಷಕ್ಕೆ ಕೊಂಡದ್ದು 34,000, ಚಂದಾ 28,800. ನಾಲ್ಕು ವರ್ಷಕ್ಕೆ 39,000 ಮತ್ತು 38,400, ಹೆಚ್ಚುಕಮ್ಮಿ ಸಮ. ಐದನೇ ವರ್ಷದಲ್ಲಿ ಚಂದಾ 48,000ಕ್ಕೆ ಹೋಗಿ, 44,000ದ ಸ್ವಂತದ್ದನ್ನು ಮೀರುತ್ತದೆ.

ಇದು ಚಂದಾ ಏರದೇ ಇದ್ದರೆ. ವರ್ಷಕ್ಕೆ ಶೇ. 10 ಏರಿತು ಅಂದುಕೊಳ್ಳಿ. ನಾಲ್ಕು ವರ್ಷಕ್ಕೇ 44,500 ದಾಟುತ್ತದೆ. ಇನ್ನು ಆ 800 ಒಬ್ಬರಿಗಾ, ಇಡೀ ಅಂಗಡಿಗಾ? ಬಹಳಷ್ಟು ಕಡೆ ಅದು ತಲೆಗೆ ಇಷ್ಟು ಅಂತ ಇರುತ್ತದೆ. ಬಿಲ್ಲಿಂಗ್‌ಗೆ ಇಬ್ಬರು, ಲೆಕ್ಕಕ್ಕೆ ಒಬ್ಬ, ನೋಡಲಿಕ್ಕೆ ಮಾಲೀಕರು ಅಂದರೆ ಎಂಟುನೂರು ಹೋಗಿ ಮೂರು ಸಾವಿರದ ಇನ್ನೂರು ಆಯಿತು. ಮೊದಲ ವರ್ಷದ ರಿಯಾಯಿತಿ ದರವನ್ನು ನಂಬಿ ಲೆಕ್ಕ ಹಾಕಬೇಡಿ. ರಿನೀವಲ್ ದರ ಎಷ್ಟು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತು ಫೋನ್ ಇಟ್ಟ ಮೇಲೆ ಇರುವುದಿಲ್ಲ.

ತೆರಿಗೆಯ ವಿಷಯ. ಇದರ ಮೇಲೆ ಶೇ. 18 ಜಿಎಸ್‌ಟಿ ಬರುತ್ತದೆ. ನೀವು ಮಾಮೂಲಿ ನೋಂದಣಿಯವರಾದರೆ, ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿದರೆ, ಅದು ಇನ್‌ಪುಟ್ ಆಗಿ ವಾಪಸ್ ಸಿಗುತ್ತದೆ, ಅಂದರೆ ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತದೆ. ಕಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಯೋಜನೆ) ಇದ್ದವರಿಗೆ ಸಿಗುವುದಿಲ್ಲ, ಅವರು ಆ ಶೇ. 18ನ್ನೂ ಖರ್ಚಿಗೇ ಸೇರಿಸಬೇಕು. ಹೊರದೇಶದ ಕಂಪನಿ ಅಲ್ಲಿಂದಲೇ ಬಿಲ್ ಕಳಿಸಿದರೆ ರಿವರ್ಸ್ ಚಾರ್ಜ್ ಅಂತ ತೆರಿಗೆಯನ್ನು ನಾವೇ ಕಟ್ಟಬೇಕಾಗುತ್ತದೆ. ಆ ಬಿಲ್ಲನ್ನು ಆಡಿಟರಿಗೆ ತಪ್ಪದೆ ತೋರಿಸಿ. ಸುಮಾರು ಜನ ಕಾರ್ಡಿನಿಂದ ಡಾಲರಿನಲ್ಲಿ ದುಡ್ಡು ಹೋದದ್ದನ್ನು ಲೆಕ್ಕಕ್ಕೇ ತರುವುದಿಲ್ಲ.

3. ಯಾರಿಗೆ ಇದು ನಿಜವಾಗಿ ಲಾಭ?

ಬೈಯುವುದಕ್ಕೆ ಅಂತ ಕೂತಿಲ್ಲ ನಾನು. ನಾನು ನೋಡುವ ಅಂಗಡಿಗಳಲ್ಲಿ ಎರಡು ಚಂದಾ ಸಾಫ್ಟ್‌ವೇರಿನಲ್ಲೇ ನಡೆಯುತ್ತಿವೆ. ಅವರಿಗೆ ನಾನೇ ಹೇಳಿದ್ದು.

ಒಬ್ಬರಿಗೆ ದಾವಣಗೆರೆಯಲ್ಲಿ ಒಂದು, ಚಿತ್ರದುರ್ಗದಲ್ಲಿ ಒಂದು ಅಂಗಡಿ. ನಡುವೆ ಹೈವೇಯಲ್ಲಿ ಸುಮಾರು 60 ಕಿಲೋಮೀಟರ್. ಮೊದಲು ಪ್ರತಿ ರಾತ್ರಿ ಅಲ್ಲಿಯ ಹುಡುಗ ಸ್ಟಾಕ್ ಪಟ್ಟಿ ಬರೆದು ವಾಟ್ಸಾಪಿನಲ್ಲಿ ಫೋಟೋ ಕಳಿಸುತ್ತಿದ್ದ. ಇಲ್ಲಿ ಇಲ್ಲ ಅಂತ ಗಿರಾಕಿಯನ್ನು ವಾಪಸ್ ಕಳಿಸಿದ ಮಾಲು ಅಲ್ಲಿ ಧೂಳು ತಿನ್ನುತ್ತಾ ಇರುತ್ತಿತ್ತು. ಈಗ ಕೌಂಟರಿನಲ್ಲಿ ನಿಂತೇ ನೋಡಿ, "ನಾಳೆ ಮಧ್ಯಾಹ್ನ ತರಿಸಿಕೊಡ್ತೀನಿ" ಅನ್ನುತ್ತಾರೆ. ಇಂಥವರಿಗೆ ತಿಂಗಳ ಚಂದಾ ಎರಡು ಬಿಲ್ಲಿನಲ್ಲಿ ಹುಟ್ಟಿಹೋಗುತ್ತದೆ.

ಇನ್ನೊಬ್ಬರದು ಸೀಸನ್ ವ್ಯಾಪಾರ. ಮೆಕ್ಕೆಜೋಳದ ಆವಕ ಏರುವ ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಎಪಿಎಂಸಿ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಆ ಮೂರು ತಿಂಗಳು ಇಬ್ಬರು ಗುಮಾಸ್ತರು ಜಾಸ್ತಿ ಬೇಕು. ಆಗ ಎರಡು ಲಾಗಿನ್ ಸೇರಿಸಿ, ಸಂಕ್ರಾಂತಿ ಕಳೆದ ಮೇಲೆ ತೆಗೆಯುತ್ತಾರೆ. ಕೊಂಡ ಲೈಸೆನ್ಸಿನಲ್ಲಿ ಈ ಸೌಕರ್ಯ ಇಲ್ಲ. ಆದರೆ ವರ್ಷದ ಪ್ಲಾನ್ ಹಿಡಿದರೆ ಮಧ್ಯದಲ್ಲಿ ತಲೆ ಕಡಿಮೆ ಮಾಡಲು ಬಿಡುವುದಿಲ್ಲ ಅನ್ನುವ ಕಂಪನಿಗಳೂ ಇವೆ. ಸೀಸನ್‌ನವರು ತಿಂಗಳ ಪ್ಲಾನನ್ನೇ ಕೇಳಿ, ಸ್ವಲ್ಪ ದುಬಾರಿ ಆದರೂ ಸರಿ.

ಸರ್ಕಾರದ ನಿಯಮ ಬದಲಾದಾಗಲೂ ಅನುಕೂಲ ಇದೆ. 2023ರ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್ವಾಯ್ಸ್ (ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ದಾಖಲಿಸುವುದು) ಕಡ್ಡಾಯವಾಯಿತು. ಅಪ್‌ಡೇಟ್ ರಿನೀವಲ್ ಮಾಡಿಸದೆ ಹಳೇ ಆವೃತ್ತಿಯಲ್ಲೇ ಕೂತಿದ್ದವರು ಆಗ ಡೀಲರ್ ಮನೆ ಬಾಗಿಲಿಗೆ ಓಡಿದರು. ಒಳ್ಳೆ ಆನ್‌ಲೈನ್ ಸಾಫ್ಟ್‌ವೇರಿನಲ್ಲಿ ಇಂಥದ್ದು ನಾವು ಮುಟ್ಟದೆಯೇ ಬಂದು ಕೂರುತ್ತದೆ. ಹಾರ್ಡ್ ಡಿಸ್ಕ್ ಸತ್ತರೂ ಲೆಕ್ಕ ಉಳಿಯುತ್ತದೆ ಅನ್ನುವುದೂ ನಿಜವೇ. ಆಡಿಟರ್ ತಮ್ಮ ಆಫೀಸಿನಲ್ಲೇ ಕೂತು ನೋಡಬಹುದು, ಪೆನ್‌ಡ್ರೈವ್ ಹಿಡಿದು ಅಲೆಯುವುದು ತಪ್ಪುತ್ತದೆ.

ಹಾಗಾದರೆ ಯಾರಿಗೆ ಬೇಡ? ಒಂದೇ ಅಂಗಡಿ, ಒಬ್ಬರೇ ಕೂರುವುದು, ಎಲ್ಲ ನಗದು ವ್ಯಾಪಾರ, ಕಂಪೋಸಿಷನ್ ಜಿಎಸ್‌ಟಿ. ಮಂಡಕ್ಕಿ ಭಟ್ಟಿ ನಡೆಸುವವರೊಬ್ಬರು ಕೇಳಿದಾಗ ಹೇಳಿದೆ: ನಿಮ್ಮ ಕಿರ್ದಿ ಪುಸ್ತಕವೇ ಚೆನ್ನಾಗಿದೆ, ತಿಂಗಳ ಕೊನೆಗೆ ಒಟ್ಟು ಹಾಕಲು ಪುಕ್ಕಟೆ ಸಿಗುವ ಲಿಬ್ರೆ ಆಫೀಸ್ ಸಾಕು. ಮಗ ಸಾಫ್ಟ್‌ವೇರ್ ಬೇಕೇಬೇಕು ಅಂತ ಮುಖ ಊದಿಸಿಕೊಂಡ. ಇರಲಿ.

4. ಮಧ್ಯಾಹ್ನ ಹನ್ನೆರಡಕ್ಕೆ ನೆಟ್ ಆಫ್ ಮಾಡಿ

ಟ್ರಯಲ್ ಕೊಡುತ್ತಾರೆ, ಹದಿನಾಲ್ಕೋ ಮೂವತ್ತೋ ದಿನ. ಅದನ್ನು ರಾತ್ರಿ ಮನೆಯಲ್ಲಿ ಕೂತು ನೋಡಬೇಡಿ. ಅಂಗಡಿಯಲ್ಲಿ, ಗಿರಾಕಿ ನಿಂತಿರುವ ಹೊತ್ತಿನಲ್ಲಿ ನೋಡಿ. ಬೇಕಂತಲೇ ನೆಟ್ ಕಿತ್ತುಬಿಡಿ. ಬಿಲ್ ಆಗುತ್ತದಾ? ನೆಟ್ ಬಂದ ಮೇಲೆ ತಾನೇ ಸೇರಿಕೊಳ್ಳುತ್ತದಾ, ಬಿಲ್ ನಂಬರ್ ಎರಡೆರಡು ಆಗುತ್ತದಾ? ಕೆಲವದರಲ್ಲಿ ಆಫ್‌ಲೈನ್ ಬಿಲ್ಲಿಂಗ್ ಇದೆ, ಕೆಲವದರಲ್ಲಿ ಚಕ್ರ ಸುತ್ತುತ್ತಾ ಇರುತ್ತದೆ ಅಷ್ಟೇ.

ನಮ್ಮಲ್ಲಿ ರಸ್ತೆ ಅಗೆಯುವವರು ಕೇಬಲ್ ನೋಡಿಕೊಂಡು ಅಗೆಯುವುದಿಲ್ಲ. ಆದ್ದರಿಂದ ಬೇರೆ ಬೇರೆ ಕಂಪನಿಯ ಎರಡು ಸಂಪರ್ಕ ಇರಲಿ. ಒಂದು ಲೈನ್, ಇನ್ನೊಂದು ಮೊಬೈಲ್ ಹಾಟ್‌ಸ್ಪಾಟ್ ಆದರೂ ನಡೆಯುತ್ತದೆ. ರೌಟರಿಗೆ ಸಣ್ಣ ಯುಪಿಎಸ್ ಹಾಕಿ. ಕೈಬಿಲ್ ಪುಸ್ತಕ ಒಂದನ್ನು ಗಲ್ಲಾದಲ್ಲಿ ಇಟ್ಟಿರಿ, ಅದರ ಬಿಲ್ ನಂಬರಿನ ಸರಣಿ ಬೇರೆ ಇರಲಿ. ಈ ಖರ್ಚನ್ನೂ ಎರಡನೇ ಹೆಜ್ಜೆಯ ಲೆಕ್ಕಕ್ಕೆ ಸೇರಿಸಬೇಕು.

ಅದೇ ದಿನ ಇನ್ನೊಂದು ಕೆಲಸ ಮಾಡಿ. ಅವರ ಸಹಾಯವಾಣಿಗೆ ಫೋನ್ ಹಚ್ಚಿ ಕನ್ನಡದಲ್ಲಿ ಮಾತಾಡಿ. ಊರಿನ ಡೀಲರ್ ಆದರೆ ಬೈಕ್ ಹತ್ತಿ ಬರುತ್ತಾನೆ, ಟೀ ಕುಡಿದು ಸರಿಮಾಡಿ ಹೋಗುತ್ತಾನೆ. ಆನ್‌ಲೈನ್ ಕಂಪನಿಯಲ್ಲಿ ಎಷ್ಟೋ ಸಲ ಚಾಟ್‌ನಲ್ಲಿ ಇಂಗ್ಲಿಷ್ ಟೈಪ್ ಮಾಡಿ ಕಾಯಬೇಕು. ನಿಮ್ಮ ಗುಮಾಸ್ತನಿಗೆ ಅದು ಆಗುತ್ತದಾ? ಆಗದಿದ್ದರೆ ಎಷ್ಟು ಒಳ್ಳೆ ಸಾಫ್ಟ್‌ವೇರ್ ಆದರೂ ಸುಮ್ನೆ.

5. ಒಳಗೆ ಹೋಗುವ ಮುಂಚೆ ಹೊರಗೆ ಬರುವ ಬಾಗಿಲು ನೋಡಿ

ಈ ಲೇಖನ ಬರೆಯಲು ಕೂತದ್ದೇ ಈ ಹೆಜ್ಜೆಗಾಗಿ.

ಕೆಲವು ವರ್ಷದ ಹಿಂದೆ ಒಂದು ಹಾರ್ಡ್‌ವೇರ್ ಅಂಗಡಿಗೆ ನಾನೇ ಮುಂದೆ ನಿಂತು ಆನ್‌ಲೈನ್ ಬಿಲ್ಲಿಂಗ್ ಹಾಕಿಸಿದೆ. ಕಂಪನಿಯ ಹೆಸರು ಬೇಡ. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಮೂರನೇ ವರ್ಷ ರಿನೀವಲ್ ದರ ಹೆಚ್ಚುಕಮ್ಮಿ ಎರಡರಷ್ಟು ಆಯಿತು. ಬೇರೆಯದಕ್ಕೆ ಹೋಗೋಣ ಅಂದರು ಮಾಲೀಕರು. ಡೇಟಾ ಕೊಡಿ ಅಂತ ಕೇಳಿದೆವು. ಕೊಟ್ಟರು, ಪಿಡಿಎಫ್‌ನಲ್ಲಿ. ನೂರಾರು ಗಿರಾಕಿಗಳ ಲೆಡ್ಜರ್ ನೋಡಲು ಚೆಂದ, ಆದರೆ ಇನ್ನೊಂದು ಸಾಫ್ಟ್‌ವೇರಿಗೆ ಅದನ್ನು ಹಾಕಲು ಆಗುವುದಿಲ್ಲ. ಎಕ್ಸೆಲ್‌ನಲ್ಲಿ ಬೇಕಾದರೆ ಇನ್ನೂ ದೊಡ್ಡ ಪ್ಲಾನಿಗೆ ಹೋಗಿ ಅಂದರು. ಅಂಗಡಿ ಮುಚ್ಚಿದ ಮೇಲೆ ನಾನು ಮತ್ತು ಅವರ ಮಗಳು ಕೂತು ಹನ್ನೊಂದು ರಾತ್ರಿ ಉದ್ರಿ ಬಾಕಿಗಳನ್ನು ಟೈಪ್ ಮಾಡಿದೆವು. ಒಂದು ಕಡೆ 4,350 ಇದ್ದದ್ದು 3,450 ಆಯಿತು. ಗಿರಾಕಿ ಏನೂ ಹೇಳಲಿಲ್ಲ, ಯಾಕೆ ಹೇಳುತ್ತಾನೆ?

ಆದ್ದರಿಂದ ಟ್ರಯಲ್ ಇರುವಾಗಲೇ ಹೀಗೆ ಮಾಡಿ. ಹತ್ತು ಗಿರಾಕಿ, ಇಪ್ಪತ್ತು ಐಟಂ, ಮೂವತ್ತು ಬಿಲ್ ಹಾಕಿ. ನಾಲ್ಕೈದು ಬಿಲ್ಲಿಗೆ ಅರ್ಧ ದುಡ್ಡು ಜಮಾ ಮಾಡಿ, ಒಂದೆರಡು ವಾಪಸ್ ಮಾಲು ತೋರಿಸಿ. ಆಮೇಲೆ ಎಲ್ಲವನ್ನೂ ಎಕ್ಸೆಲ್ ಅಥವಾ ಸಿಎಸ್‌ವಿ (ಯಾವ ಸಾಫ್ಟ್‌ವೇರಿಗೂ ಹಾಕಬಹುದಾದ ಸಾದಾ ಪಟ್ಟಿ) ಫೈಲಾಗಿ ಇಳಿಸಿಕೊಳ್ಳಿ. ಯಾರ ಸಹಾಯವೂ ಇಲ್ಲದೆ, ನೀವೇ. ಇಳಿಸಿದ ಫೈಲನ್ನು ತೆರೆದು ನೋಡಿ. ಗಿರಾಕಿಯ ಹೆಸರಿನ ಮುಂದೆ ಒಟ್ಟು ಬಾಕಿ ಮಾತ್ರ ಇದೆಯಾ, ಯಾವ ಬಿಲ್ಲಿನದ್ದು ಎಷ್ಟು ಬಾಕಿ ಅಂತ ಬಿಡಿಬಿಡಿಯಾಗಿ ಇದೆಯಾ? ಐಟಂಗಳ ಜೊತೆ ಎಚ್‌ಎಸ್‌ಎನ್ ಕೋಡ್ (ಜಿಎಸ್‌ಟಿಗೆ ಸರಕು ಗುರುತಿಸುವ ಸಂಖ್ಯೆ) ಬಂದಿದೆಯಾ? ಕನ್ನಡದ ಹೆಸರುಗಳು ಪ್ರಶ್ನೆ ಚಿಹ್ನೆಗಳಾಗಿವೆಯಾ? ಬಿಲ್ಲಿಗೆ ಅಂಟಿಸಿದ ಫೋಟೋಗಳು ಬಂದವಾ, ಇಲ್ಲವಾ? ಇಷ್ಟು ಬಂದರೆ ಆ ಮನೆಗೆ ಹಿತ್ತಿಲ ಬಾಗಿಲು ಇದೆ ಅಂತ ಅರ್ಥ.

ಮುಂದಿನ ಪ್ರಶ್ನೆಯನ್ನು ಮೇಲ್‌ನಲ್ಲೇ ಕೇಳಿ. ಚಂದಾ ನಿಂತ ಮೇಲೆ ಏನಾಗುತ್ತದೆ? ಹಳೆಯ ಲೆಕ್ಕ ನೋಡಲಿಕ್ಕಾದರೂ ಬಿಡುತ್ತೀರಾ? ಎಷ್ಟು ದಿನ? ಆಮೇಲೆ ಅಳಿಸುತ್ತೀರಾ? ಇದು ಸುಮ್ಮನೆ ಕುತೂಹಲದ ಪ್ರಶ್ನೆ ಅಲ್ಲ. ಜಿಎಸ್‌ಟಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಟ್ಟಿರಬೇಕು. 2024-25ರ ರಿಟರ್ನಿಗೆ 2025ರ ಡಿಸೆಂಬರ್ 31 ಅಂತ ಹಿಡಿದರೆ, ಆ ವರ್ಷದ ಲೆಕ್ಕ 2031ರ ಡಿಸೆಂಬರ್ ತನಕ ನಿಮ್ಮ ಹತ್ತಿರ ಇರಬೇಕು. ನೋಟಿಸ್ ಬಂದಾಗ "ಚಂದಾ ಕಟ್ಟಿರಲಿಲ್ಲ, ಲೆಕ್ಕ ಹೋಯಿತು ಸಾರ್" ಅಂದರೆ ಯಾರು ಒಪ್ಪುತ್ತಾರೆ? ನಿಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ದರೆ ಇನ್ನೂ ಬಿಗಿ. 2023ರ ಏಪ್ರಿಲ್ 1ರಿಂದ ಯಾರು ಯಾವಾಗ ಏನು ತಿದ್ದಿದರು ಅನ್ನುವ ದಾಖಲೆ ಸಾಫ್ಟ್‌ವೇರಿನಲ್ಲೇ ಉಳಿಯಬೇಕು. ಲೆಕ್ಕದ ಬ್ಯಾಕಪ್ ಕೂಡ ಭಾರತದಲ್ಲೇ ಇರುವ ಸರ್ವರಿನಲ್ಲಿ ದಿನಾ ಆಗುತ್ತಿರಬೇಕು.

ಸಾಫ್ಟ್‌ವೇರ್ ಹಿಡಿದ ಮೇಲೂ ತಿಂಗಳ ಕೊನೆಗೆ ಒಂದು ಸಲ ಎಲ್ಲವನ್ನೂ ಇಳಿಸಿ ಎರಡು ಕಡೆ ಇಡಿ. ಅವರ ಸರ್ವರಿನಲ್ಲಿ ಬ್ಯಾಕಪ್ ಇದೆ ಅನ್ನುವುದು ಅವರ ಬ್ಯಾಕಪ್. ನಮ್ಮದು ನಮ್ಮ ಕೈಯಲ್ಲಿರಬೇಕು.

ಪ್ರೆಸ್ ಮತ್ತು ಸ್ಟುಡಿಯೋದವರಿಗೆ ಎರಡು ಮಾತು

ಲಗ್ನಪತ್ರಿಕೆ ಮಾಡುವವರ ಕಷ್ಟ ಬೇರೆ ತರಹದ್ದು. ಪುಟ ಜೋಡಿಸುವ 2001ರ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿ ಹಳೆಯ ನುಡಿ ಫಾಂಟ್ ಹಾಕಿ ಈಗಲೂ ಕೆಲಸ ಮಾಡುವವರಿದ್ದಾರೆ. ಅಡೋಬಿ ಕಂಪನಿ 2013ರಲ್ಲಿ ತನ್ನ ಫೋಟೋಶಾಪ್, ಇನ್‌ಡಿಸೈನ್‌ಗಳ ಹೊಸ ಆವೃತ್ತಿ ಇನ್ನು ಮುಂದೆ ಚಂದಾದಲ್ಲಿ ಮಾತ್ರ ಅಂತ ಹೇಳಿಬಿಟ್ಟಿತು. ಇನ್‌ಡಿಸೈನ್‌ನಲ್ಲಿ ಮಾಡಿದ ಫೈಲ್ ಚಂದಾ ನಿಂತ ಮೇಲೆ ತೆರೆಯುವುದು ಕಷ್ಟ. ಹಾಗಾಗಿ ಪ್ರತಿ ಕೆಲಸ ಮುಗಿದ ಮೇಲೆ ಪಿಡಿಎಫ್ ಒಂದು, ಅಕ್ಷರಗಳನ್ನು ಯೂನಿಕೋಡ್‌ಗೆ (ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಪದ್ಧತಿ) ತಿರುಗಿಸಿದ ಪಠ್ಯ ಒಂದು, ಬೇರೆಯಾಗಿ ಉಳಿಸಿ. ಹಾಗಂತ ಕೊಂಡದ್ದೆಲ್ಲ ಶಾಶ್ವತ ಅಂತಲೂ ಅಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಹಳೇ ಸಾಫ್ಟ್‌ವೇರಿಗಾಗಿ ಹಳೇ ಕಂಪ್ಯೂಟರ್, ಅದಕ್ಕಾಗಿ ಹಳೇ ವಿಂಡೋಸ್ ಅಂತ ಕೂತವರು ಆ ಯಂತ್ರವನ್ನು ಇಂಟರ್ನೆಟ್ಟಿನಿಂದ ದೂರ ಇಡುವುದು ಒಳ್ಳೆಯದು.

6. ದುಡ್ಡು ಯಾರ ಕಾರ್ಡಿನಿಂದ, ಮೇಲ್ ಯಾರದ್ದು?

ಇದು ಸಣ್ಣದು ಅನಿಸುತ್ತದೆ, ಕೆಡುವುದು ಇಲ್ಲೇ. ಕೆಲಸದ ಹುಡುಗನ ಸ್ವಂತ ಜಿಮೇಲ್‌ನಲ್ಲಿ ಖಾತೆ ತೆರೆದಿರುತ್ತಾರೆ. ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದ ಮೇಲೆ ಅಂಗಡಿಯ ಬೀಗದ ಕೈ ಅವನ ಜೇಬಿನಲ್ಲಿ. ಅಂಗಡಿಯ ಹೆಸರಿನಲ್ಲೇ ಒಂದು ಮೇಲ್ ಮಾಡಿ, ಮಾಲೀಕರ ಫೋನ್ ನಂಬರ್ ಕೊಡಿ, ಮುಖ್ಯ ಲಾಗಿನ್ ಅವರ ಹೆಸರಿನಲ್ಲೇ ಇರಲಿ. ಉಳಿದವರಿಗೆ ಬೇರೆ ಬೇರೆ ಲಾಗಿನ್. ಬಿಲ್ ಹಾಕುವವನಿಗೆ ಬಿಲ್ ಅಳಿಸುವ ಅಧಿಕಾರ ಬೇಡ. ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಹಂಚಿಕೊಂಡು ತಲೆಗೆ 800 ಉಳಿಸುವುದು ಉಳಿತಾಯ ಅಲ್ಲ. ನಾಳೆ ಗಲ್ಲಾದಲ್ಲಿ ದುಡ್ಡು ಕಡಿಮೆ ಬಂದರೆ ಯಾರನ್ನು ಕೇಳುತ್ತೀರಿ?

ಕಾರ್ಡಿನಿಂದ ತಾನಾಗಿಯೇ ಕಡಿತ ಆಗುವಂತೆ ಇಟ್ಟರೆ, ರಿಸರ್ವ್ ಬ್ಯಾಂಕಿನ ನಿಯಮದಂತೆ ದುಡ್ಡು ಹೋಗುವ ಕನಿಷ್ಠ 24 ಗಂಟೆ ಮುಂಚೆ ಬ್ಯಾಂಕಿನಿಂದ ಸಂದೇಶ ಬರಬೇಕು. 15,000 ರೂ. ದಾಟಿದರೆ ಓಟಿಪಿ ಹಾಕದೆ ಹೋಗುವುದಿಲ್ಲ. ವರ್ಷದ ಪ್ಲಾನ್ ಹಿಡಿದವರು ಎಡವುವುದು ಇಲ್ಲಿ. ಓಟಿಪಿ ಬಂದದ್ದನ್ನು ಯಾರೂ ನೋಡಲಿಲ್ಲ, ದುಡ್ಡು ಹೋಗಲಿಲ್ಲ, ಬೆಳಿಗ್ಗೆ ಅಂಗಡಿ ತೆರೆದರೆ ಸಾಫ್ಟ್‌ವೇರ್ ತೆರೆಯಲಿಲ್ಲ.

ರಿನೀವಲ್ ತಾರೀಕು ಕೂಡ ನೋಡಿಕೊಳ್ಳಿ. ತಿಂಗಳು ತಿಂಗಳು ರಿಟರ್ನ್ ಹಾಕುವವರಿಗೆ 11ನೇ ತಾರೀಕು ಜಿಎಸ್‌ಟಿಆರ್-1 (ಮಾರಾಟದ ವಿವರ), 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್) ಕೊನೆಯ ದಿನ. ಆ ದಿನಗಳ ಆಸುಪಾಸಿನಲ್ಲಿ ಬೀಗ ಬೀಳುವುದು ಬೇಡ. ದೀಪಾವಳಿ ವಾರದಲ್ಲಂತೂ ಬೇಡವೇ ಬೇಡ. ಈಗ ಲಕ್ಷ್ಮೀಪೂಜೆಯಲ್ಲಿ ಕಿರ್ದಿ ಪುಸ್ತಕದ ಪಕ್ಕ ಕಂಪ್ಯೂಟರಿಗೂ ಕುಂಕುಮ ಹಚ್ಚುತ್ತಾರೆ. ಹೂವು ಏರಿಸಿ ಆನ್ ಮಾಡಿದರೆ "ನಿಮ್ಮ ಚಂದಾ ಮುಗಿದಿದೆ" ಅಂತ ಬಂದರೆ ಹೇಗಿರುತ್ತದೆ? ಶುರು ಮಾಡುವ ದಿನ ನಿಮ್ಮ ಕೈಯಲ್ಲೇ ಇದೆ ಅಲ್ವಾ, ಅದನ್ನು ವ್ಯಾಪಾರ ತಣ್ಣಗಿರುವ ತಿಂಗಳಿಗೆ ಇಟ್ಟುಕೊಳ್ಳಿ.

ಮೂರು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಭಾರೀ ರಿಯಾಯಿತಿ ಅನ್ನುತ್ತಾರೆ. ಮೊದಲ ಸಲಕ್ಕೆ ಬೇಡ. ಒಂದು ಸೀಸನ್ ಕಳೆಯಲಿ.

7. ಒಂದು ತಿಂಗಳು ಎರಡೂ ನಡೆಸಿ

ಹೊಸದನ್ನು ಏಪ್ರಿಲ್ 1ಕ್ಕೆ ಶುರು ಮಾಡಿದರೆ ಲೆಕ್ಕದ ವರ್ಷಕ್ಕೆ ಹೊಂದುತ್ತದೆ. ಮಾರ್ಚ್ ಪೂರ್ತಿ ಹಳೆಯದರಲ್ಲೂ ಹೊಸದರಲ್ಲೂ ಬಿಲ್ ಹಾಕಿ. ಗುಮಾಸ್ತರು ಗೊಣಗುತ್ತಾರೆ, ಮಾರ್ಚ್ ಮೊದಲೇ ತಲೆಬಿಸಿಯ ತಿಂಗಳು. ಅವರಿಗೆ ಆ ತಿಂಗಳು ಒಂದಿಷ್ಟು ಜಾಸ್ತಿ ಕೊಡಿ. ಗಿರಾಕಿಯ ಕೈಗೆ ಕೊಡುವ ಬಿಲ್ ಮಾತ್ರ ಹಳೆಯದರದ್ದೇ ಇರಲಿ, ಹೊಸದರಲ್ಲಿ ಹಾಕಿದ್ದು ತಾಳೆ ನೋಡಲಿಕ್ಕೆ ಅಷ್ಟೇ. ದಿನಾ ಸಂಜೆ ಮೂರು ಅಂಕಿ ಸರಿನೋಡಿ: ಒಟ್ಟು ಮಾರಾಟ, ಒಟ್ಟು ತೆರಿಗೆ, ಒಟ್ಟು ಉದ್ರಿ. ಪೈಸೆಯ ರೌಂಡಿಂಗ್‌ನಿಂದ ರೂಪಾಯಿ ಎರಡು ರೂಪಾಯಿ ವ್ಯತ್ಯಾಸ ಬಂದರೆ ಬಿಡಿ. ಅದಕ್ಕಿಂತ ಜಾಸ್ತಿ ಬಂದರೆ ಅದೇ ರಾತ್ರಿ ಹುಡುಕಿ, ವಾರದ ಮೇಲೆ ಸಿಗುವುದಿಲ್ಲ.

ಮಾರ್ಚ್ 31ರ ರಾತ್ರಿ ಹಳೆಯದರಿಂದ ಗಿರಾಕಿವಾರು, ಬಿಲ್ಲುವಾರು ಬಾಕಿ ಪಟ್ಟಿ ತೆಗೆದು ಪ್ರಿಂಟ್ ಹಾಕಿ, ಮಾಲೀಕರ ಸಹಿ ಮಾಡಿಸಿ. ತಾಳೆ ನೋಡಲು ಹೊಸದರಲ್ಲಿ ಹಾಕಿದ್ದ ಮಾರ್ಚ್ ಬಿಲ್ಲುಗಳನ್ನೆಲ್ಲ ಅಳಿಸಿ, ಈ ಪಟ್ಟಿಯನ್ನೇ ಆರಂಭಿಕ ಬಾಕಿಯಾಗಿ ಹಾಕಿ. ಹಳೆಯ ಕಂಪ್ಯೂಟರನ್ನು ತೂಕಕ್ಕೆ ಹಾಕಬೇಡಿ. ಬಟ್ಟೆ ಮುಚ್ಚಿ ಒಂದು ಮೂಲೆಯಲ್ಲಿಟ್ಟು, ಎರಡು ತಿಂಗಳಿಗೊಮ್ಮೆ ಆನ್ ಮಾಡಿ ನೋಡುತ್ತಿರಿ. ಮಂಡಿಪೇಟೆಯ ಆ ಮಾಲೀಕರು ಈಗ ಟ್ರಯಲ್‌ನಲ್ಲಿದ್ದಾರೆ. ಮೊನ್ನೆ ಫೋನ್ ಮಾಡಿದ್ದರು, ಎಕ್ಸೆಲ್ ಇಳಿಸಿದ್ದಾರಂತೆ, ಉದ್ರಿ ಎಲ್ಲ ಬಿಲ್ಲುವಾರು ಬಂದಿದೆ. ಕನ್ನಡದ ಹೆಸರುಗಳು ಮಾತ್ರ ಪ್ರಶ್ನೆ ಚಿಹ್ನೆಗಳಾಗಿವೆ. ಕಂಪನಿಗೆ ಮೇಲ್ ಹಾಕಿದ್ದಾರೆ. ಉತ್ತರ ಬರುವ ತನಕ ದುಡ್ಡು ಕಟ್ಟುವುದಿಲ್ಲ ಅಂದರು.